ಬಾವಿಯ ಹೆಣ್ಣಿನ ಎಡಗೈ

ಬಾವಿಯಿಂದ ಎದ್ದು ಬಂದ ದೆವ್ವ ಸೆರಗು ಸರಿಮಾಡಿಕೊಂಡು ಹಾರ್ಮೋನಿಯಂ ಶ್ರುತಿಗೆ ಹಾಡತೊಡಗಿದಾಗ, ಕೆಂಪಾಜಮ್ಮ ಸಿನಿಮಾ ಡೇರೆಯ ನಡುವೆ ಎದ್ದು ನಿಂತೇಬಿಟ್ಟಳು.

“ಇವ್ಳಲ್ಲ ಕಣ್ ಮಗ,” ಎಂದಳು ಮೊಮ್ಮಗಳಿಗೆ. “ಇವ್ಳು ಯಾರೋ ಬ್ಯಾರೆಯವ್ಳು.”

“ಕುಂತ್ಕೊ ಅಜ್ಜಿ, ಹಿಂದ್ಲೋರು ಬೈತಾರೆ.” ಚಿಕ್ಕಸಿದ್ದಮ್ಮ ಅಜ್ಜಿಯ ಸೆರಗು ಜಗ್ಗಿದಳು.

ಹಿಂದಿನಿಂದ ಯಾರೋ ಹೆಂಗಸು, “ದೆವ್ವಕ್ಕೇ ಅಡ್ಡ ನಿಂತಿದ್ದೀಯಲ್ಲ ಅಜ್ಜಮ್ಮ, ಭಯ ಇಲ್ವಾ ನಿಂಗೆ,” ಎಂದದ್ದಕ್ಕೆ ಸಾಲಿಗೆ ಸಾಲೇ ನಕ್ಕಿತು. ದೆವ್ವದ ಆಟದಲ್ಲಿ ನಗು. ಚಿಕ್ಕಸಿದ್ದಮ್ಮ ಅಜ್ಜಿಯನ್ನು ತೋಳು ಹಿಡಿದು ಕೂರಿಸಿದಳು.

ಹದಿಮೂರು ವರ್ಷಗಳ ಹಿಂದೆ, ಸಿನಿಮಾಕ್ಕೆ ಇನ್ನೂ ಬಾಯಿ ಬಂದಿರದ ಕಾಲದಲ್ಲಿ, ಇದೇ ಹುಣಸೂರಿನ ಹೊಳೆದಂಡೆಯ ಡೇರೆಯಲ್ಲಿ ಅಜ್ಜಿ ‘ಹಾಳುಬಾವಿಯ ಹೆಣ್ಣು’ ನೋಡಿದ್ದಳು. ರಾವಂದೂರಿಗೆ ಮರಳಿ ಮೂರು ದಿನ ಬಾವಿಗೆ ಕೊಡ ಇಳಿಸಿರಲಿಲ್ಲವಂತೆ. ಆ ಕಥೆ ಕೇಳಿಕೊಂಡೇ ಚಿಕ್ಕಸಿದ್ದಮ್ಮ ಬೆಳೆದದ್ದು. ಆ ಹೆಣ್ಣು ಎಡಗೈಯಲ್ಲಿ ಒಳಲೆ ಹಿಡಿದು ಮಗುವಿಗೆ ಹಾಲು ಹಾಕುತ್ತಾಳೆ. ಎಡಗೈಯಲ್ಲೇ ಕುಂಕುಮ ಇಟ್ಟುಕೊಳ್ಳುತ್ತಾಳೆ. ಬಾವಿಕಟ್ಟೆಯ ಮೇಲೆ ಕೂತು, ಹೋಗುವವರನ್ನು ಎಡಗೈ ಎತ್ತಿ ಮೆಲ್ಲಗೆ ಕರೆಯುತ್ತಾಳೆ. ಎಡಗೆನ್ನೆಯ ಮೇಲೆ ಹುರುಳಿಕಾಳಿನಷ್ಟು ಮಚ್ಚೆ. ಸತ್ತವರಿಗೆ ಎಲ್ಲವೂ ಎಡಮಗ್ಗುಲೇ ಎಂದು ಅಜ್ಜಿ ದನಿ ತಗ್ಗಿಸಿದರೆ, ಒಲೆಯ ಮುಂದೆ ಕೂತಿದ್ದರೂ ಬೆನ್ನು ತಣ್ಣಗಾಗುತ್ತಿತ್ತು.

ಈಗ ಊರಿನ ಹುಡುಗಿಯರು ರಾಗಿ ಬೀಸುವಾಗ ಆ ಕಥೆ ಹೇಳುವವಳು ಚಿಕ್ಕಸಿದ್ದಮ್ಮನೇ. ಕೆಲವರು ನಂಬುತ್ತಿದ್ದರು, ಕೆಲವರು ಅಜ್ಜಿ ಕಟ್ಟಿದ ಸುಳ್ಳು ಎನ್ನುತ್ತಿದ್ದರು. ಆ ಸಿನಿಮಾದ ಎರಡನೆಯ ಭಾಗ ಬಂದಿದೆ ಎಂದು ತಿಳಿದಾಗ ಅವಳು ಬೀಸುಕಲ್ಲಿನ ಗೂಟ ಹಿಡಿದು ಆಣೆಯಿಟ್ಟಿದ್ದಳು: “ನನ್ ಕಣ್ಣಲ್ಲೇ ನೋಡ್ಕೊಂಡು ಬತ್ತೀನಿ. ಆ ಹೆಣ್ಣು ಎಡಗೈಲಿ ಕರೀದಿದ್ರೆ, ಇನ್ಮ್ಯಾಕೆ ನಿಮ್ಗೆ ಒಂದು ಕತೇನೂ ಹೇಳಾಕಿಲ್ಲ.”

ನೋಡಿದ್ದಾಯಿತು. ದೆವ್ವ ಬಲಗೈಯಲ್ಲಿ ತಲೆ ಬಾಚಿತು, ಬಲಗೈಯಲ್ಲಿ ಕರೆಯಿತು, ಮಾತಾಡಿತು, ಮಾತಾಡಿದ್ದು ಸಾಲದೆಂದು ಏಳು ಹಾಡು ಹಾಡಿತು. ಕೊನೆಗೆ ತಾನು ದೆವ್ವವೇ ಅಲ್ಲವೆಂದು ಅಮಲ್ದಾರರ ಮುಂದೆ ಒಪ್ಪಿಕೊಂಡು, ಅವರ ತಮ್ಮನನ್ನೇ ಮದುವೆಯಾಯಿತು. ಮಚ್ಚೆ ಇತ್ತು, ಬಲಗೆನ್ನೆಯಲ್ಲಿ. ತಮಟೆ ಬಡಿದು ಹಂಚಿದ ನೋಟೀಸಿನಲ್ಲಿ ‘ಅದೇ ತಾರೆ, ಅದೇ ದೆವ್ವ, ಈಗ ಮಾತಿನೊಂದಿಗೆ’ ಎಂದು ಅಚ್ಚು ಹಾಕಿಸಿದ್ದರು. ಅದೇ ಹೆಂಗಸಾದರೆ ಅಜ್ಜಿ ಹೇಳಿದ್ದು ಸುಳ್ಳು. ಅಜ್ಜಿ ಹೇಳಿದ್ದು ನಿಜವಾದರೆ, ಮಚ್ಚೆ ಒಂದು ಕೆನ್ನೆಯಿಂದ ಎದ್ದು ಇನ್ನೊಂದಕ್ಕೆ ನಡೆದು ಹೋಗುತ್ತದೆಯೇ? ಚಿಕ್ಕಸಿದ್ದಮ್ಮನಿಗೆ ಹಿಂದು ಮುಂದು ತಿಳಿಯಲಿಲ್ಲ.

ಬಾಗಿಲಲ್ಲಿ ಗ್ಯಾಸ್‌ಲೈಟಿನ ಕೆಳಗೆ ಸಣ್ಣಬೀರಯ್ಯ ನಿಂತಿದ್ದ. ಮೂಕಿ ಸಿನಿಮಾದ ದಿನದಿಂದಲೂ ಅದೇ ಡೇರೆಯಲ್ಲಿ ದುಡಿದವನು. ಅಜ್ಜಿ ಅವನ ಎದುರು ಹೋಗಿ ನಿಂತಳು.

“ಅಪ್ಪಯ್ಯ, ಆಗಿನ ಹೆಂಗ್ಸು ಸತ್ತೋದ್ಲಾ?”

“ಅವ್ಳೇ ಕಣವ್ವ ಇವ್ಳು. ಒಸಿ ದಪ್ಪಾಗವ್ಳೆ, ಅಷ್ಟೇಯ.”

“ಅಂಗಾದ್ರೆ ಎಡಗೈ ಎಲ್ಲೋಯ್ತು?”

“ಎಡಗೈಯಾ? ಅವ್ಳು ಯಾವತ್ತಿದ್ರೂ ಬಲಗೈಲೇ ಕರದಿದ್ದು. ಆ ಆಟ ನಲವತ್ತು ದಪ ನೋಡಿವ್ನಿ ನಾನು.”

ಚಿಕ್ಕಸಿದ್ದಮ್ಮ ಅಜ್ಜಿಯ ಮುಖ ನೋಡಲಾರದೆ ನೆಲ ನೋಡಿದಳು. ನಾಳೆ ಬೀಸುಕಲ್ಲಿನ ಮುಂದೆ ಹುಡುಗಿಯರೆಲ್ಲ ಕಾಯುತ್ತಿರುತ್ತಾರೆ.

“ಈ ಕಣ್ಣಲ್ಲಿ ನೋಡಿವ್ನಿ ಕಣಪ್ಪ,” ಅಜ್ಜಿ ತನ್ನ ಕಣ್ಣು ಮುಟ್ಟಿ ತೋರಿಸಿದಳು. “ಪರದೆ ಹಿಂದ್ಗಡೆ ಕುಂತಿದ್ದೆ. ನೀನೇ ಪರದೆಗೆ ನೀರು ಎರಚ್ತಿದ್ದೆ, ನನ್ ತಲೆ ಮ್ಯಾಲೂ ಬಿತ್ತು.”

“ಹಿಂದ್ಗಡೆಯಾ?” ಸಣ್ಣಬೀರಯ್ಯ ಡೇರೆಯೊಳಗಿನ ಪರದೆಯತ್ತ ತಿರುಗಿ ನೋಡಿದ. “ಹೌದು ಕಣವ್ವ. ಬಡವರ್ಗೆ ಆಗ ಅಲ್ಲೇ ಜಾಗ. ಬಟ್ಟೆ ಒದ್ದೆ ಇದ್ರೆ ಚಿತ್ರ ಆಚೆ ಕಡೀಕೂ ಕಾಣ್ತಿತ್ತು. ಈಗ ಅಲ್ಲಿ ಮಾತಾಡೋ ಪೆಟ್ಗೆ ಮಡಗವ್ರೆ, ಯಾರ್ನೂ ಕೂರ್ಸಾಕಿಲ್ಲ.”

ಅವನು ಚಿಕ್ಕಸಿದ್ದಮ್ಮನ ಕೈಯಲ್ಲಿದ್ದ ನೋಟೀಸು ಇಸಿದುಕೊಂಡ. ಅದರ ಚಿತ್ರದಲ್ಲಿ ದೆವ್ವ ಬಲಗೈ ಎತ್ತಿತ್ತು, ಮಚ್ಚೆ ಬಲಗೆನ್ನೆಯಲ್ಲಿತ್ತು. ಕಾಗದವನ್ನು ತಿರುಗಿಸಿ, ಅಚ್ಚಿನ ಮಗ್ಗುಲು ದೀಪಕ್ಕೆ, ಬೋಳು ಮಗ್ಗುಲು ಇವರಿಗೆ ಇರುವಂತೆ ಎತ್ತಿ ಹಿಡಿದ. ತೆಳ್ಳನೆಯ ಕಾಗದದೊಳಗಿಂದ ನೆರಳಿನಂಥ ಹೆಣ್ಣೊಂದು ಮೂಡಿತು. ಎಡಗೆನ್ನೆಯಲ್ಲಿ ಮಚ್ಚೆ. ಅವಳು ಎಡಗೈ ಎತ್ತಿ ಮೆಲ್ಲಗೆ ಕರೆಯುತ್ತಿದ್ದಳು.

ಚಿಕ್ಕಸಿದ್ದಮ್ಮನ ಬೆನ್ನು ತಣ್ಣಗಾಯಿತು. ಕಾಗದದ ಈಚೆ ಬಂದು ನೋಡಿದಳು, ಆಚೆ ಹೋಗಿ ನೋಡಿದಳು. ಯಾರೂ ಸುಳ್ಳು ಹೇಳಿರಲಿಲ್ಲ. ಆದರೂ ದೆವ್ವ ಯಾವ ಕಡೆಯದು ಎಂಬುದು ಬಗೆಹರಿಯಲಿಲ್ಲ. “ಅಜ್ಜಿ, ಅವ್ರಿಗೆ ನಾನು ಏನಂತ ಹೇಳ್ಲಿ?” ಎಂದಳು.

ಕೆಂಪಾಜಮ್ಮ ಆ ನೆರಳಿನ ಹೆಣ್ಣನ್ನು ಹಳೆಯ ನಂಟರನ್ನು ನೋಡುವಂತೆ ಬಹಳ ಹೊತ್ತು ನೋಡಿದಳು. ಆಮೇಲೆ ಕನಿಕರದಿಂದ ನಾಲಿಗೆ ಲೊಚಗುಟ್ಟಿದಳು.

“ಪಾಪ ಕಣ್ ಮಗ. ಮುಂದ್ಗಡೆ ಕುರ್ಚಿ ಮ್ಯಾಲೆ ಕುಂತಿದ್ದೋರು ಒಬ್ರೂ ದೆವ್ವ ನೋಡ್ಲೇ ಇಲ್ಲ ಅನ್ನು.”