ಕರಡಿಮರಿಗೆ ಎಸೆದ ಹೆಂಟೆ

ಗೋಕಾಕದ ಗುಡ್ಡದಡಿಯ ಹೊಲದಲ್ಲಿ, ಸತ್ತುಬಿದ್ದ ತಾಯಿಕರಡಿಯ ಕೊರಳಿನಿಂದ ಕಾಶೆವ್ವ ತಂತಿಯ ಉರುಲು ಬಿಡಿಸುತ್ತಿದ್ದಾಗ, ಅದರ ಬೆಳೆದ ಮರಿ ಬಂದು ಪಕ್ಕದಲ್ಲೇ ನಿಂತಿತು. ಅದಕ್ಕೆ ಅವಳ ಭಯವಿರಲಿಲ್ಲ. ಹತ್ತು ವರ್ಷಗಳಿಂದ ತನ್ನ ಬದುವಿನ ಬಾರಿಹಣ್ಣನ್ನು ಅವಳು ಕರಡಿಗಳಿಗೇ ಬಿಡುತ್ತಿದ್ದಳು. ಒಮ್ಮೆಯೂ ಅವು ಅವಳ ಮೈಮೇಲೆ ಬಂದಿರಲಿಲ್ಲ.

“ಹಂದಿಗಂತ ಹಾಕಿದ್ದೆ, ಕಾಶೆವ್ವಾ,” ಎಂದ ಪಕ್ಕದ ಹೊಲದ ಅಣ್ಣಪ್ಪ, ತಲೆ ತಗ್ಗಿಸಿ. “ಇದೇನಿದು, ಮನಷ್ಯಾರಂದ್ರ ಹೆದರೂದ ಇಲ್ಲಲ್ಲ?”

“ನಾನ ಕಲಿಸಿದ್ದು,” ಎಂದಳು ಕಾಶೆವ್ವ.

ಮರಿ ಅವಳ ಸೆರಗು ಮೂಸಿತು. ಅವಳು ಎದ್ದು, ಮಣ್ಣಿನ ಹೆಂಟೆಯೊಂದನ್ನೆತ್ತಿ ಅದರ ಬೆನ್ನಿಗೆ ಬಲವಾಗಿ ಎಸೆದಳು. ಮರಿ ಬೆಚ್ಚಿ ಅವಳನ್ನೇ ನೋಡಿತು. ಅಳುತ್ತಲೇ ಇನ್ನೊಂದು ಎಸೆದಳು.

“ಓಡ, ನನ್ನಪ್ಪಾ! ನಮ್ಮನ್ನ ನಂಬಬ್ಯಾಡ!”

ಮರಿ ಕಿರುಚುತ್ತ ಗುಡ್ಡ ಹತ್ತಿತು. ಅದು ಕಣ್ಮರೆಯಾಗುವವರೆಗೂ ಅವಳು ಎಸೆಯುತ್ತಲೇ ಇದ್ದಳು.