ಅಲುಗದ ಅಂಕಿ

ಅದಿರಿನ ಟಿಪ್ಪರ್ ಕಚೇರಿಯ ಪಕ್ಕದಲ್ಲೇ ಗುಡುಗುತ್ತ ಹೋಯಿತು. ಮೇಜಿನ ಮೇಲಿನ ಚಹಾ ಕೂಡ ನಡುಗಿತು. ಪರದೆಯ ಹಸಿರು ಅಂಕಿ ಮಾತ್ರ ಅಲುಗಲಿಲ್ಲ. ಗಣಿಯ ಕಂಪ್ಯೂಟರ್ ನೋಡಿಕೊಳ್ಳುವ ಸ್ನೇಹಾ ಪರದೆಯತ್ತ ಬಾಗಿದಳು. ಸಂಡೂರಿನ ಆ ಗಣಿಯ ಗೋಡೆ ಜರುಗಿದರೆ ಮೊದಲು ತಿಳಿಸುವುದು ಅದೇ ಅಂಕಿ. ಟಿಪ್ಪರ್ ಹೋದಾಗಲೆಲ್ಲ ಅದು ಚೂರಾದರೂ ಕುಣಿಯುತ್ತಿತ್ತು.

ಬೆಳಿಗ್ಗೆ ಅವಳೇ ಕಂಪ್ಯೂಟರಿಗೆ ಲಿನಕ್ಸ್‌ನ ಹೊಸ ಕರ್ನಲ್, ಎಂದರೆ ಇಡೀ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ಹಾಕಿದ್ದಳು. ಗೋಡೆಗೆ ಕೂರಿಸಿದ ಸೆನ್ಸರ್‌ನ ಡ್ರೈವರ್ ಪ್ರೋಗ್ರಾಂ ಮಾತ್ರ ಹಳೆಯದನ್ನೇ ಉಳಿಸಿದ್ದಳು. ಗೋಡೆಯ ಸುದ್ದಿ ತರಬೇಕಾದ ಆ ಪ್ರೋಗ್ರಾಂ ಹೊಸ ಕರ್ನಲ್ ಜೊತೆ ಹೊಂದದೆ ನಿಂತುಬಿಟ್ಟಿತ್ತು. ಪರದೆಯಲ್ಲಿ ಉಳಿದದ್ದು ಬೆಳಗಿನ ಅಂಕಿ. ಕೆಳಗೆ ಗಣಿಯಲ್ಲಿ ಅವಳ ಅಪ್ಪ ಎರ್ರಿಯಪ್ಪ ಇದ್ದ.

"ಹಸಿರೈತಲ್ಲವ್ವಾ, ಹಿಂಗ್ಯಾಕ ಹೆದರ್ತಿ?" ಎಂದ ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ರಾಮಾಂಜಿನಿ.

"ಅದು ಸತ್ತೈತ್ರಿ ಅಣ್ಣಾ! ಎಲ್ಲಾರ್ನೂ ಜಲ್ದಿ ಮ್ಯಾಲಕ್ಕ ಕರೀರಿ!" ಎನ್ನುತ್ತಲೇ ಅವಳು ಸೈರನ್ ಒತ್ತಿದಳು.

ಹಳೆಯ ಕರ್ನಲ್‌ನಲ್ಲೇ ಅವಳು ಕಂಪ್ಯೂಟರನ್ನು ಮತ್ತೆ ಶುರು ಮಾಡಿದಳು. ಅಷ್ಟರಲ್ಲಿ ಮೈಯೆಲ್ಲ ಕೆಂಧೂಳಾಗಿ ಅಪ್ಪ ಪಕ್ಕಕ್ಕೆ ಬಂದು ನಿಂತ. "ಉಣ್ಣಾಕೂ ಬಿಡ್ಲಿಲ್ಲಲ್ಲಬೇ. ಬುತ್ತಿ ಕೆಳಗ ಗಣ್ಯಾಗ ಐತಿ, ಹೋಗಿ ತರ್ತೀನಿ ತಡಿ."

ಅವಳು ಪರದೆಯಿಂದ ಕಣ್ಣು ತೆಗೆಯದೆಯೇ ಅವನ ತೋಳನ್ನು ಗಟ್ಟಿಯಾಗಿ ಹಿಡಿದಳು. ಮತ್ತೆ ಜೀವ ಬಂದ ಅಂಕಿ ಕೆಂಪಾಗಿ ಏರುತ್ತಿತ್ತು.