ಜೀಪು ಓಡಿಸುವವರು ಯಾರು?

“ಜೀಪು ನೀವೇ ಓಡಿಸ್ತೀರಾ ಸಾರ್, ಇಲ್ಲಾ ನಮ್ಮ ಡ್ರೈವರ್ ಬೇಕಾ?”

ಊಟಿಯಲ್ಲಿ ಜೀಪು ಬಾಡಿಗೆಗೆ ಕೊಡುವವನ ಪ್ರಶ್ನೆ ಫೋನಿನ ಸ್ಪೀಕರಿನಲ್ಲಿ ಮನೆಯವರೆಲ್ಲರಿಗೂ ಕೇಳಿಸಿತು. ಅಲ್ಲಿಯವರೆಗೆ ಕೆರೆಯ ದಂಡೆಯ ಕೋಣೆ, ಗುಡ್ಡದ ಕಚ್ಚಾದಾರಿ ಎಂದು ಪ್ರವಾಸದ ಬಗ್ಗೆ ಹುರುಪಿನಿಂದ ಮಾತಾಡುತ್ತಿದ್ದ ಹನುಮಂತರಾಯ ಫೋನನ್ನು ಕೆಳಗಿಟ್ಟ. ಕಳೆದ ವರ್ಷ ದೇವದುರ್ಗದಿಂದ ರಾಯಚೂರಿಗೆ ಬರುವಾಗ ಅವನು ಓಡಿಸುತ್ತಿದ್ದ ಕಾರು ಹೊಲಕ್ಕೆ ಉರುಳಿ ಅವ್ವನ ಸೊಂಟ ಮುರಿದಿತ್ತು. ಅಂದಿನಿಂದ ಅವನು ಸ್ಟೇರಿಂಗ್ ಮುಟ್ಟಿರಲಿಲ್ಲ. ಅವ್ವನೂ ಆ ದಿನದ ಮಾತು ಎತ್ತಿರಲಿಲ್ಲ. ಅವಳ ಆ ಮೌನವೇ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

“ಹಲೋ? ಸಾರ್?”

ಹೆಂಡತಿ ಅನ್ನಪೂರ್ಣ ಫೋನಿನತ್ತ ಬಾಗಿದಳು. “ಡ್ರೈವರ್ ಬೇಕ್ರೀ...”

“ತಡಿ ಯವ್ವಾ,” ಎಂದು ಅವ್ವ ಪಕೀರಮ್ಮ ಸೊಸೆಯನ್ನು ತಡೆದಳು. ಗೋಡೆ ಹಿಡಿದು ಎದ್ದು, ನೋವಿಗೆ ಹಲ್ಲು ಕಚ್ಚಿ, ಮೆಲ್ಲಗೆ ಮಗನ ಬಳಿಗೆ ಬಂದಳು. ಇಷ್ಟು ದಿನ ನುಂಗಿಕೊಂಡದ್ದನ್ನು ಇವತ್ತು ಅಂದೇ ಬಿಡುತ್ತಾಳೆ ಎಂದು ಅವನು ತಲೆ ತಗ್ಗಿಸಿದ. ಅವಳು ಅವನ ಕೈ ಹಿಡಿದುಕೊಂಡಳು. ಅವನ ಅಂಗೈ ಬೆವೆತಿತ್ತು. ಸೆರಗಿನಿಂದ ಒರೆಸಿ, ಬಿಡದೆ ಹಾಗೇ ಹಿಡಿದುಕೊಂಡು ಫೋನಿಗೆ ಹೇಳಿದಳು:

“ಡ್ರೈವರ್ ಬ್ಯಾಡ್ರೀ. ನನ್ನ ಮಗನೇ ಗಾಡಿ ಹೊಡಿತಾನ. ನಾ ಅವನ ಬಾಜೂಕ ಕುಂದರ್ತೀನಿ.”

“ಯವ್ವಾ, ನನಗ ಅಂಜಿಕಿ ಬರ್ತದ,” ಎಂದ ಹನುಮಂತರಾಯ.

“ನನಗೂ ಅಂಜಿಕಿ ಅದ. ಇಬ್ರೂ ಅಂಜಿಕೋತ ಹೋಗಣ.”

ಅವನು ಇನ್ನೊಂದು ಕೈಯಿಂದ ಫೋನು ಎತ್ತಿಕೊಂಡ.

“ಅಣ್ಣಾ, ಆ ದಾರಿಯಾಗ ಇಳಿಜಾರು ಭಾಳ ಅದಾವೇನ್ರಿ?”